ಮೊದಲ ಸಲ ಗರ್ಬಾಕ್ಕೆ ಹೊರಟವರಿಗೆ

ಗರ್ಬಾ ಅಂದರೆ ನವರಾತ್ರಿಯ ರಾತ್ರಿಗಳಲ್ಲಿ ದೇವಿಯ ಸುತ್ತ ಚಪ್ಪಾಳೆ ತಟ್ಟುತ್ತ ಸುತ್ತುವ ಗುಜರಾತಿನ ಕುಣಿತ. ಆದರೆ ಗುಜರಾತಿನಲ್ಲಿ ಯಾರೂ ‘ಗರ್ಬಾ ಕುಣಿಯೋಕೆ ಹೋಗೋಣ’ ಅನ್ನುವುದಿಲ್ಲ. ‘ಗರ್ಬಾ ರಮವಾ ಜಈಏ’ ಅನ್ನುತ್ತಾರೆ. ರಮವುಂ ಅಂದರೆ ಆಡುವುದು. ಮಕ್ಕಳು ಬೀದಿಯಲ್ಲಿ ಆಡುವುದಕ್ಕೂ ಅದೇ ಪದ. ವಡೋದರಾಕ್ಕೆ ಬಂದ ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ನೋಡಿಕೊಂಡು ಬರೋಣ ಅಂತ ಹೋಗಿ ಒಂದು ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದು ಕೈ ಹಿಡಿದರು. ಅವರನ್ನು ನಾವೆಲ್ಲ ‘ಬಾ’ ಅಂತ ಕರೆಯುತ್ತೇವೆ. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ, ಅಜ್ಜಿ. ‘ರಮವಾ ಆವೀ ಛೇ ಕೆ ಜೋವಾ?’ ಅಂದರು. ಆಡೋಕೆ ಬಂದಿದ್ದೀಯೋ, ನೋಡೋಕೋ?

ನೀವು ಆಡೋಕೆ ಅಂತಲೇ ಹೊರಡಿ. ಹೆಜ್ಜೆ ಬರದಿದ್ದರೂ ಪರವಾಗಿಲ್ಲ. ಒಂದು ಸಂಜೆಗೆ ಬೇಕಾದಷ್ಟನ್ನು ಅಲ್ಲೇ ಕಲಿಯಬಹುದು. ಆದರೆ ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಆ ರಾತ್ರಿ ತುಂಬ ಚೆನ್ನಾಗಿ ಸಾಗುತ್ತದೆ.

ನಡುವೆ ಇರುವುದು ಯಾರು

ನವರಾತ್ರಿಯ ಮೊದಲ ದಿನ ಗುಜರಾತಿ ಮನೆಗಳಲ್ಲಿ ‘ಗರ್ಬೋ’ ಇಡುತ್ತಾರೆ. ಸುತ್ತ ತೂತು ಕೊರೆದ ಮಣ್ಣಿನ ಮಡಕೆ, ಒಳಗೊಂದು ದೀಪ. ‘ಗರ್ಭ’ದಿಂದಲೇ ಗರ್ಬೋ, ಗರ್ಬಾ ಎಂಬ ಪದಗಳು ಬಂದವು ಅನ್ನುತ್ತಾರೆ. ಮಡಕೆ ತಾಯಿಯ ಒಡಲು, ದೀಪ ಒಳಗಿನ ಜೀವ. ಉತ್ತರ ಕರ್ನಾಟಕದವರಿಗೆ ಇದು ಬೇಗ ಹತ್ತಿರವಾಗುತ್ತದೆ. ನಾವೂ ಘಟ್ಟ ಹಾಕಿ, ಒಂಬತ್ತು ದಿನ ದೀಪ ಆರದ ಹಾಗೆ ಕಾಯುತ್ತೇವಲ್ವಾ.

ಆಡುವ ಜಾಗದ ನಡುವೆಯೂ ದೇವಿ ಇರುತ್ತಾಳೆ. ಕೆಲವು ಕಡೆ ಬರಿ ಗರ್ಬೋ, ಕೆಲವು ಕಡೆ ಅಂಬಾಮಾತೆಯ ಪಟ, ಇನ್ನು ಕೆಲವು ಕಡೆ ‘ಮಾಂಡವಿ’ ಅಂತ ದೀಪಗಳ ಅಲಂಕಾರದ ಮಂಟಪ. ಜನ ಸುತ್ತುವುದು ಅವಳ ಸುತ್ತ. ಹಳೆಯ ಹಾಡುಗಳಲ್ಲಿ ಬಹಳಷ್ಟು ಅವಳನ್ನೇ ಕರೆಯುತ್ತವೆ: ಅಂಬೆ, ಬಹುಚರಾ, ಪಾವಾಗಢದ ಕಾಳಿಕಾ. ಹಾಗಾಗಿ ಇದನ್ನು ಸುಮ್ನೆ ಒಂದು ಡ್ಯಾನ್ಸ್ ಪಾರ್ಟಿ ಅಂದುಕೊಂಡು ಹೋಗಬೇಡಿ. ಎಂಟು ವರ್ಷದ ಹುಡುಗಿಯಿಂದ ಎಪ್ಪತ್ತರ ಅಜ್ಜಿಯವರೆಗೆ ಎಲ್ಲರೂ ಒಂದೇ ಸುತ್ತಿನಲ್ಲಿ ಯಾಕೆ ಇರುತ್ತಾರೆ ಅನ್ನುವುದಕ್ಕೆ ಕಾರಣ ಈ ದೀಪವೇ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ‘ಗುಜರಾತಿನ ಗರ್ಬಾ’ವನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸುದ್ದಿ ಬಂದ ದಿನ ನಮ್ಮ ಬಾ ಮನೆಯಲ್ಲಿ ಲಾಪಸಿ, ಅಂದರೆ ಗೋಧಿ ನುಚ್ಚಿನ ಸಿಹಿ, ಮಾಡಿದ್ದರು.

ಎಲ್ಲಿಗೆ ಹೋಗಬೇಕು, ಯಾವ ರಾತ್ರಿ

ಗರ್ಬಾ ನಡೆಯುವ ಜಾಗಗಳು ಮುಖ್ಯವಾಗಿ ಮೂರು ಬಗೆ. ಒಂದು ‘ಶೇರಿ ಗರ್ಬಾ’. ಶೇರಿ ಅಂದರೆ ಓಣಿ. ಓಣಿಯವರೋ ಹೌಸಿಂಗ್ ಸೊಸೈಟಿಯವರೋ ಸೇರಿ ನಡೆಸುವುದು. ಅಹಮದಾಬಾದಿನ ಹಳೇ ಊರಿನ ‘ಪೋಳ್’ಗಳಲ್ಲಿ, ಅಂದರೆ ಆ ಇಕ್ಕಟ್ಟಾದ ಹಳೆಯ ಓಣಿಗಳಲ್ಲಿ, ಈಗಲೂ ಇದು ಇದೆ. ಎರಡನೆಯದು ಪಾರ್ಟಿ ಪ್ಲಾಟ್. ನಮ್ಮಲ್ಲಿ ಕಲ್ಯಾಣ ಮಂಟಪ ಇದ್ದ ಹಾಗೆ ಅಲ್ಲಿ ಬಯಲು ಇರುವ ಬಾಡಿಗೆ ಜಾಗ. ಮೂರನೆಯದು ದೊಡ್ಡ ಮೈದಾನ. ವಡೋದರಾದ ಮೈದಾನಗಳಲ್ಲಿ ಸಾವಿರಾರು ಜನ ಬರಿಗಾಲಲ್ಲಿ, ಒಂದೇ ದಿಕ್ಕಿಗೆ, ಒಂದರೊಳಗೊಂದು ಸುತ್ತುಗಳಾಗಿ ತಿರುಗುವುದನ್ನು ಜೀವನದಲ್ಲಿ ಒಮ್ಮೆ ನೋಡಬೇಕು. ಅಹಮದಾಬಾದಿನಲ್ಲಿ ರಾಜ್ಯ ಸರ್ಕಾರದ ನವರಾತ್ರಿ ಉತ್ಸವ ಜಿಎಂಡಿಸಿ ಮೈದಾನದಲ್ಲಿ ನಡೆಯುತ್ತದೆ.

ಮೊದಲ ರಾತ್ರಿಗೆ ಶೇರಿ ಗರ್ಬಾವೇ ಸರಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಅಲ್ಲಿ ಜನ ಕಡಿಮೆ, ವೇಗ ಕಡಿಮೆ, ತಪ್ಪು ಮಾಡಿದರೆ ಪಕ್ಕದವರೇ ಹೇಳಿಕೊಡುತ್ತಾರೆ. ಸೊಸೈಟಿಯಲ್ಲಿ ಪರಿಚಯದವರು ಯಾರಾದರೂ ಇದ್ದರೆ ಸಾಕು. ‘ನಾನು ಬರಬಹುದಾ?’ ಅಂತ ಕೇಳಿ. ಬೇಡ ಅಂದವರನ್ನು ನಾನು ನೋಡಿಲ್ಲ. ಅಲ್ಲಿ ಎರಡು ರಾತ್ರಿ ಆಡಿ, ಆಮೇಲೆ ದೊಡ್ಡ ಮೈದಾನಕ್ಕೆ ಹೋಗಿ.

ದಿನದ ವಿಷಯಕ್ಕೆ ಬಂದರೆ, ಎರಡನೇ ಅಥವಾ ಮೂರನೇ ರಾತ್ರಿ, ಅದೂ ವಾರದ ನಡುವೆ ಬಂದರೆ ಒಳ್ಳೆಯದು. ಶನಿವಾರ, ಭಾನುವಾರ ಮತ್ತು ಕೊನೆಯ ಮೂರು ರಾತ್ರಿ ಕಾಲಿಡಲು ಜಾಗ ಇರುವುದಿಲ್ಲ. ‘ಆಠಮ್’, ಅಂದರೆ ಅಷ್ಟಮಿಯ ರಾತ್ರಿ ತುಂಬ ವಿಶೇಷ. ಅದನ್ನು ಹೆಜ್ಜೆ ಕಲಿತ ಮೇಲೆ ಇಟ್ಟುಕೊಳ್ಳಿ.

ಮೈದಾನಕ್ಕೆ ಪಾಸು ಬೇಕು. ಒಂದು ದಿನದ್ದೂ ಇರುತ್ತದೆ, ಒಂಬತ್ತೂ ರಾತ್ರಿಯ ಸೀಸನ್ ಪಾಸೂ ಇರುತ್ತದೆ. ಹಲವು ಕಡೆ ಹೆಂಗಸರ ಪಾಸಿಗೆ ದುಡ್ಡು ಕಡಿಮೆ. ಪಾಸನ್ನು ನಡೆಸುವವರಿಂದಲೇ ಕೊಳ್ಳಿ. ನಾನು ಒಂದು ವರ್ಷ ಕೊನೆ ಗಳಿಗೆಯಲ್ಲಿ ವಾಟ್ಸಾಪಿನಲ್ಲಿ ಯಾರೋ ಮಾರುತ್ತಿದ್ದ ಪಾಸು ತೆಗೆದುಕೊಂಡೆ. ಗೇಟಿನಲ್ಲಿ ಸ್ಕ್ಯಾನ್ ಮಾಡಿದರೆ ಅದೇ ಪಾಸಿನ ಮೇಲೆ ಇನ್ನೊಬ್ಬರು ಆಗಲೇ ಒಳಗೆ ಹೋಗಿದ್ದರು. ದುಡ್ಡೂ ಹೋಯಿತು, ಆ ರಾತ್ರಿಯೂ ಹೋಯಿತು. ಗುರುತಿನ ಚೀಟಿ ಜೊತೆಗಿರಲಿ. ಹಲವು ಗೇಟುಗಳಲ್ಲಿ ಕೇಳುತ್ತಾರೆ.

ಏನು ಉಡಬೇಕು

ಹೆಂಗಸರಿಗೆ ಚಣಿಯಾ ಚೋಳಿ. ಚಣಿಯಾ ಅಂದರೆ ಅಗಲ ಘೇರಿನ ಲಂಗ, ಚೋಳಿ ಅಂದರೆ ಕುಪ್ಪಸ, ಮೇಲೊಂದು ಓಢಣಿ. ಗಂಡಸರಿಗೆ ಕೇಡಿಯುಂ. ಎದೆ ಹತ್ತಿರ ಬಿಗಿ, ಸೊಂಟದಿಂದ ಕೆಳಗೆ ನೆರಿಗೆ ಬಿಟ್ಟ ಗಿಡ್ಡ ಅಂಗಿ. ಕೆಳಗೆ ಧೋತಿಯೋ ಸಡಿಲ ಪೈಜಾಮವೋ. ದೊಡ್ಡ ಮೈದಾನಗಳಲ್ಲಿ ಸಾಂಪ್ರದಾಯಿಕ ಉಡುಪು ಇಲ್ಲದಿದ್ದರೆ ಒಳಗೆ ಬಿಡದೆ ಇರಬಹುದು. ಶೇರಿಯಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಹತ್ತಿಯ ಸಲ್ವಾರ್ ಕಮೀಜ್, ಕುರ್ತಾ ನಡೆಯುತ್ತದೆ. ಸೀರೆ ಉಟ್ಟೂ ಆಡುತ್ತಾರೆ. ಆದರೆ ನಮ್ಮ ರೇಷ್ಮೆ ಸೀರೆಯಲ್ಲಿ ಅಕ್ಟೋಬರಿನ ಸೆಖೆಗೆ ಅರ್ಧ ಗಂಟೆ ತಡೆಯುವುದೂ ಕಷ್ಟ.

ಮೊದಲ ಸಲವೇ ದುಬಾರಿ ಬಟ್ಟೆ ಕೊಳ್ಳಬೇಡಿ. ನವರಾತ್ರಿ ಹೊತ್ತಿಗೆ ಬಾಡಿಗೆಗೆ ಕೊಡುವ ಅಂಗಡಿಗಳು ಊರ ತುಂಬ ಇರುತ್ತವೆ. ಕೊಳ್ಳುವುದೇ ಆದರೆ ಅಹಮದಾಬಾದಿನ ಲಾ ಗಾರ್ಡನ್ ಪಕ್ಕದ ಸಂಜೆ ಮಾರುಕಟ್ಟೆಗೆ ಹೋಗಿ. ಸಾಲಾಗಿ ಚಣಿಯಾ ಚೋಳಿ ತೂಗುಹಾಕಿರುತ್ತಾರೆ, ಬೆಲೆ ಮಾತಾಡಲೇಬೇಕು. ‘ಆಭಲಾ’, ಅಂದರೆ ಪುಟ್ಟ ಕನ್ನಡಿ ಕೂರಿಸಿದ ಕಸೂತಿ ನೋಡಿದರೆ ನಮ್ಮ ಸಂಡೂರಿನ ಲಂಬಾಣಿ ಕೆಲಸ ನೆನಪಾಗುತ್ತದೆ. ಕನ್ನಡಿ ಜಾಸ್ತಿ ಆದಷ್ಟೂ ಭಾರ ಜಾಸ್ತಿ. ಅಂಗಡಿಯಲ್ಲಿ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಉಟ್ಟು ಹತ್ತು ಸಲ ತಿರುಗಿ ನೋಡಿ.

ಲಂಗದ ಉದ್ದ ಹಿಮ್ಮಡಿಗಿಂತ ಮೂರು ನಾಲ್ಕು ಬೆರಳು ಮೇಲೆ ಇರಲಿ. ನೆಲ ಮುಟ್ಟುವ ಲಂಗವನ್ನು ಹಿಂದಿನವರು ತುಳಿಯುತ್ತಾರೆ, ಬೀಳುವವರು ನೀವು. ಲಾಡಿಗೆ ಎರಡು ಗಂಟು ಹಾಕಿ. ಓಢಣಿಯನ್ನು ಭುಜಕ್ಕೆ, ಸೊಂಟಕ್ಕೆ, ಬೆನ್ನಿಗೆ ಪಿನ್ನು ಹಾಕಿ ಕೂರಿಸಿ. ಒಳಗೆ ಮೊಣಕಾಲು ಮುಟ್ಟುವ ಬಿಗಿ ಶಾರ್ಟ್ಸ್ ಅಥವಾ ಲೆಗ್ಗಿಂಗ್ಸ್ ಇದ್ದರೆ ಧೈರ್ಯವಾಗಿ ತಿರುಗಬಹುದು. ಉದ್ದ ಕಿವಿಯೋಲೆ, ತೂಗಾಡುವ ಸರ ಬೇಡ, ಪಕ್ಕದವರ ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಚಿನ್ನವನ್ನಂತೂ ಮನೆಯಲ್ಲೇ ಬಿಡಿ. ಅಲ್ಲಿ ಎಲ್ಲರೂ ಹಾಕುವುದು ಕಪ್ಪು ಬೆಳ್ಳಿ ಬಣ್ಣದ ಆಕ್ಸಿಡೈಸ್ಡ್ ಆಭರಣ.

ಕಾಲಿನ ಬಗ್ಗೆ ಬೇರೆ ಮಾತು ಬೇಕು. ಬರಿಗಾಲಲ್ಲಿ ಆಡುವ ಕಡೆ ಚಪ್ಪಲಿ ಹೊರಗೆ ಬಿಡಬೇಕು. ರೂಢಿ ಇಲ್ಲದ ಕಾಲಿಗೆ ಎರಡನೇ ಗಂಟೆಯಲ್ಲಿ ಬೊಬ್ಬೆ ಬರುತ್ತದೆ. ಹೆಬ್ಬೆರಳಿನ ಬುಡಕ್ಕೂ ಪಾದದ ಮುಂಭಾಗಕ್ಕೂ ಔಷಧಿ ಅಂಗಡಿಯ ಬಟ್ಟೆಯ ಟೇಪು ಸುತ್ತಿಕೊಂಡು ಹೋಗಿ. ವಡೋದರಾದಲ್ಲಿ ವರ್ಷಗಟ್ಟಲೆ ಆಡಿದವರೂ ಸುತ್ತಿಕೊಳ್ಳುತ್ತಾರೆ. ಮೋಜಡಿಯೋ ಶೂಸೋ ಹಾಕಬಹುದಾದ ಕಡೆ ಹಳೆಯದನ್ನೇ ಹಾಕಿ.

ಹೊರಡುವ ಮುನ್ನ

ಏಳು ಏಳೂವರೆಗೆ ಹಗುರವಾಗಿ ಊಟ ಮುಗಿಸಿ. ಹೊಟ್ಟೆ ತುಂಬ ಉಂಡು ಹೋದರೆ ತಿರುಗುವಾಗ ವಾಕರಿಕೆ ಬರುತ್ತದೆ, ಏನೂ ತಿನ್ನದೆ ಹೋದರೆ ತಲೆ ಸುತ್ತುತ್ತದೆ. ಒಂದು ಸಣ್ಣ ಸೊಂಟದ ಚೀಲದಲ್ಲಿ ಫೋನು, ಸ್ವಲ್ಪ ದುಡ್ಡು, ನಾಲ್ಕು ಪಿನ್ನು, ಟೇಪಿನ ಸುರುಳಿ, ಒಂದು ಕರವಸ್ತ್ರ. ಅಷ್ಟೇ. ಹೆಗಲ ಚೀಲ ಬೇಡ. ನೀರಿನ ಬಾಟಲಿಯನ್ನು ಕೆಲವು ಗೇಟುಗಳಲ್ಲಿ ತಡೆಯುತ್ತಾರೆ, ಒಳಗೆ ನೀರು ಇರುತ್ತದೆ.

ಎಂಟೂವರೆಗೆಲ್ಲ ಜಾಗ ತಲುಪಿ. ಆಟ ಕಳೆಗಟ್ಟುವುದು ಒಂಬತ್ತೂವರೆಯ ಮೇಲೆಯೇ. ಆದರೆ ದಾರಿಯ ಟ್ರಾಫಿಕ್ಕು, ಗಾಡಿ ನಿಲ್ಲಿಸುವುದು, ಗೇಟಿನ ಸಾಲು ಎಲ್ಲಕ್ಕೂ ಹೊತ್ತು ಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು ದೇಶಕ್ಕೆಲ್ಲ ಇರುವ ನಿಯಮ. ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಬಿಡುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಇದೆ. ಗುಜರಾತಿನಲ್ಲಿ ನವರಾತ್ರಿಗೆ ಈ ರಿಯಾಯಿತಿ ಸಿಗುತ್ತದೆ. ಹಾಗಾಗಿ ನಿಮಗೆ ಸಿಗುವುದು ಮೂರು ಗಂಟೆಗೂ ಕಡಿಮೆ ಹೊತ್ತು. ತಡ ಮಾಡಿದರೆ ನಷ್ಟ ನಿಮ್ಮದೇ.

ಸುತ್ತಿನೊಳಗೆ

ಮೊದಲ ಎರಡು ಹಾಡು ಹೊರಗೆ ನಿಂತು ನೋಡಿ. ಕೈ ನೋಡಬೇಡಿ, ಕಾಲು ನೋಡಿ. ಎಲ್ಲ ಸೊಗಸೂ ಕೈಯಲ್ಲಿ ಕಾಣುತ್ತದೆ, ಆದರೆ ಆಟ ನಡೆಯುವುದು ಕಾಲಲ್ಲಿ. ಢೋಲಿನ ಪೆಟ್ಟನ್ನು ಬಾಯಲ್ಲೇ ಎಣಿಸಿ. ಗರ್ಬಾದಲ್ಲಿ ಜಾಸ್ತಿ ಕೇಳುವ ತಾಳ ‘ಹೀಂಚ್’. ಅದು ಆರು ಮಾತ್ರೆಯದು, ತೂಗುಯ್ಯಾಲೆಯ ಹಾಗೆ ಹೋಗಿ ಬರುತ್ತದೆ.

ಇನ್ನು ದಿಕ್ಕು. ನಮ್ಮವರು ಇಲ್ಲೇ ಎಡವುವುದು. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ದೇವರು ನಮ್ಮ ಬಲಗಡೆ ಇರುತ್ತಾರೆ. ಗರ್ಬಾದಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ದೇವಿ ನಿಮ್ಮ ಎಡಗಡೆ. ಅವಳಿಗೆ ಮುಖ ಮಾಡಿ ನಿಂತರೆ ಸುತ್ತು ನಿಮ್ಮ ಬಲಕ್ಕೆ ಸಾಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.

ಒಳಗೆ ಹೋಗುವುದು ಯಾವಾಗಲೂ ಹೊರಗಿನ ಸುತ್ತಿನಿಂದ. ಇಬ್ಬರ ನಡುವೆ ಸಂದು ಕಂಡಾಗ, ಅವರು ಹೋಗುವ ದಿಕ್ಕಿಗೇ ಎರಡು ಹೆಜ್ಜೆ ನಡೆದು ಸೇರಿಕೊಳ್ಳಿ. ಬಸ್ಸು ಹತ್ತುವವರ ಹಾಗೆ ಅಡ್ಡ ನುಗ್ಗಬೇಡಿ. ಯಾರ ಹಿಂದೆ ಸೇರಬೇಕು ಅನ್ನುವುದೂ ಮುಖ್ಯ. ಹುಡುಗ ಹುಡುಗಿಯರ ಗುಂಪು ಚೆನ್ನಾಗಿ ಆಡುತ್ತದೆ, ಆದರೆ ಅವರ ಹೆಜ್ಜೆಗಳು ತಿಂಗಳುಗಟ್ಟಲೆ ಕ್ಲಾಸಿಗೆ ಹೋಗಿ ಕಲಿತವು. ನೀವು ಐವತ್ತರ ಆಚೀಚಿನ ಒಬ್ಬ ಹೆಂಗಸಿನ ಹಿಂದೆ ನಿಲ್ಲಿ. ಅವರ ಹೆಜ್ಜೆ ಸಣ್ಣದು, ಸ್ಪಷ್ಟ, ಪ್ರತಿ ಸಲವೂ ಒಂದೇ ತರಹ. ಅವರಿಗಿಂತ ಒಳ್ಳೆಯ ಗುರು ಆ ಮೈದಾನದಲ್ಲಿ ಇಲ್ಲ.

ಕಲಿಯಬೇಕಾದ ಮೊದಲ ಆಟ ‘ಬೇ ತಾಳಿ’, ಅಂದರೆ ಎರಡು ಚಪ್ಪಾಳೆ. ನಡೆಯುತ್ತ ಬಂದು, ದೇವಿಯ ಕಡೆಗೆ ಸ್ವಲ್ಪ ಬಾಗಿ ಒಂದು ಚಪ್ಪಾಳೆ. ಎದ್ದು, ಹಿಂದೆ ಸರಿದು ಇನ್ನೊಂದು. ಮತ್ತೆ ನಡಿಗೆ. ಊರಿಂದೂರಿಗೆ ಚೂರುಪಾರು ಬೇರೆಯಾಗುತ್ತದೆ, ಮುಂದಿನವರು ಮಾಡಿದ ಹಾಗೆ ಮಾಡಿ. ಅದು ಕೂತ ಮೇಲೆ ‘ತ್ರಣ್ ತಾಳಿ’. ಮೂರು ಹೆಜ್ಜೆಗೆ ಮೂರು ಚಪ್ಪಾಳೆ, ನಾಲ್ಕನೆಯದಕ್ಕೆ ಚಪ್ಪಾಳೆ ಇಲ್ಲ, ಮೈ ಮಾತ್ರ ಹಿಂದಕ್ಕೆ ತೂಗುತ್ತದೆ. ಈ ನಾಲ್ಕನೆಯ ಖಾಲಿ ಪೆಟ್ಟು ಮೈಗೆ ಹತ್ತಿದ ಗಳಿಗೆ ಇದೆಯಲ್ಲ, ಅದು ತುಂಬ ಚೆಂದ. ನನಗೆ ಅದು ಮೂರನೇ ರಾತ್ರಿ ಹತ್ತಿತು. ಅದುವರೆಗೆ ಎಣಿಸುತ್ತಿದ್ದೆ, ಆಮೇಲೆ ಎಣಿಸಲಿಲ್ಲ.

ಮೊದಲ ಹತ್ತು ನಿಮಿಷ ಚಪ್ಪಾಳೆಯನ್ನೇ ಹೊಡೆಯಬೇಡಿ. ಬರಿ ಕಾಲು ಕೂಡಿಸಿ. ಕಾಲು ಕೂಡಿದ ಮೇಲೆ ಕೈ ತಾನಾಗಿ ಬರುತ್ತದೆ. ಹೆಜ್ಜೆ ತಪ್ಪಿದರೆ ನಿಲ್ಲಬೇಡಿ. ಸುಮ್ನೆ ಮುಂದೆ ನಡೆಯುತ್ತಾ ಇರಿ, ಮುಂದಿನ ಸುತ್ತಿಗೆ ಮತ್ತೆ ಹಿಡಿಯಿರಿ. ನಿಂತರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬರುತ್ತಾರೆ. ದಣಿದರೆ ಒಂದೊಂದೇ ಹೆಜ್ಜೆ ಹೊರಗೆ ಜಾರುತ್ತಾ ಬಂದು ಸುತ್ತು ಬಿಡಿ.

ಹೊತ್ತು ಹೋದಂತೆ ವೇಗ ಏರುತ್ತದೆ. ‘ದೋಢಿಯುಂ’ ಅನ್ನುವ ಹೆಜ್ಜೆ ಬರುತ್ತದೆ, ಕುರಿಗಾಹಿ ಭರವಾಡರ ‘ಹುಡೋ’ ಬರುತ್ತದೆ, ಅದರಲ್ಲಿ ಎದುರಿನವರ ಅಂಗೈಗೆ ಅಂಗೈ ತಟ್ಟಬೇಕು. ಕೊನೆಯ ಹೊತ್ತಿಗೆ ‘ಸನೇಡೋ’. ಹಾಡುವವರು ಒಂದು ಸಾಲು ಹೇಳುತ್ತಾರೆ, ಇಡೀ ಮೈದಾನ ಕೂಗಿ ಉತ್ತರ ಕೊಡುತ್ತದೆ. ಇವೆಲ್ಲ ಬರಲೇಬೇಕು ಅಂತಿಲ್ಲ. ವೇಗ ಏರಿದಾಗ ಹೊರಗಿನ ಸುತ್ತಿನಲ್ಲಿ ಬೇ ತಾಳಿಯಲ್ಲೇ ಇರುವವರು ಬೇಕಾದಷ್ಟು ಜನ ಇರುತ್ತಾರೆ.

ಆರತಿ ಬಂದಾಗ ಎಲ್ಲ ನಿಲ್ಲುತ್ತದೆ. ಕೆಲವು ಕಡೆ ಶುರುವಿನಲ್ಲಿ, ಕೆಲವು ಕಡೆ ನಡುವೆ. ‘ಜಯ ಆದ್ಯಾ ಶಕ್ತಿ’ ಅಂತ ಶುರುವಾಗುವ ಆರತಿ ಅದು. ಪುಟ್ಟ ಮಕ್ಕಳಿಗೂ ಬಾಯಿಗೆ ಬರುತ್ತದೆ. ನಿಮಗೆ ಬರದಿದ್ದರೆ ಚಪ್ಪಾಳೆ ತಟ್ಟುತ್ತ ನಿಲ್ಲಿ. ಆಗ ಫೋನು ನೋಡುತ್ತ ಕೂರಬೇಡಿ, ತಿಂಡಿ ಅಂಗಡಿಗೂ ಹೋಗಬೇಡಿ. ಪ್ರಸಾದ ಬಲಗೈಯಲ್ಲಿ ತೆಗೆದುಕೊಳ್ಳಿ.

ಕೋಲು ಬಂದರೆ

ಗರ್ಬಾ ಬೇರೆ, ದಾಂಡಿಯಾ ರಾಸ್ ಬೇರೆ. ಗರ್ಬಾಕ್ಕೆ ಚಪ್ಪಾಳೆ, ರಾಸ್‌ಗೆ ಕೋಲು. ಹಲವು ಊರುಗಳಲ್ಲಿ ಆರತಿಯ ನಂತರ ಕೋಲಾಟ ಶುರುವಾಗುತ್ತದೆ. ವಡೋದರಾದ ಮೈದಾನಗಳಲ್ಲಿ ಕೋಲು ಕಾಣುವುದೇ ಅಪರೂಪ. ಕೇಳಿಕೊಂಡು ಒಯ್ಯಿರಿ.

ಶಾಲೆಯಲ್ಲಿ ಕೋಲಾಟ ಆಡಿದವರಿಗೆ ಇದು ಅರ್ಧ ಬಂದ ಹಾಗೇ. ಎದುರುಬದುರು ಎರಡು ಸಾಲು. ಬಲಗೋಲು ಅವರ ಬಲಗೋಲಿಗೆ, ಎಡ ಎಡಕ್ಕೆ, ಮತ್ತೆ ಬಲ, ಆಮೇಲೆ ಸ್ವಲ್ಪ ತಿರುಗಿ ನಿಮ್ಮದೇ ಎರಡು ಕೋಲು, ಕೊನೆಗೆ ಇನ್ನೊಮ್ಮೆ ಬಲ, ಮುಂದಿನ ಜೋಡಿಗೆ ಸರಿಯುವುದು. ಇದು ಸಾಮಾನ್ಯವಾಗಿ ಮೊದಲು ಹೇಳಿಕೊಡುವ ಐದು ಪೆಟ್ಟು. ಕೋಲನ್ನು ಬುಡದಲ್ಲಿ ಸಡಿಲವಾಗಿ ಹಿಡಿಯಿರಿ. ಪೆಟ್ಟು ಮೆಲ್ಲಗಿರಲಿ, ಬೆರಳಿಗೆ ಬಿದ್ದರೆ ಎರಡು ದಿನ ಊದಿಕೊಳ್ಳುತ್ತದೆ. ಉಂಗುರ ತೆಗೆದಿಡಿ.

ಕೆಲವು ನಡವಳಿಕೆ, ಸ್ವಲ್ಪ ಎಚ್ಚರ

ಹೆಂಗಸರನ್ನು ‘ಬೆನ್’, ಗಂಡಸರನ್ನು ‘ಭಾಯಿ’ ಅನ್ನಿ. ವಯಸ್ಸಾದವರಿಗೆ ‘ಮಾಸಿ’, ‘ಕಾಕಾ’, ‘ಬಾ’. ‘ಜಯ್ ಮಾತಾಜಿ’ ಅಂದರೆ ನಮಸ್ಕಾರವೂ ಆಯಿತು, ಪರಿಚಯವೂ ಆಯಿತು. ಗೊತ್ತಿಲ್ಲದವರ ವಿಡಿಯೊ ತೆಗೆಯಬೇಡಿ. ಬೇಕಿದ್ದರೆ ಕೇಳಿ ತೆಗೆಯಿರಿ. ಸುತ್ತಿನ ನಡುವೆ ನಿಂತು ಸೆಲ್ಫಿ ಬೇಡವೇ ಬೇಡ.

ಶೇರಿಯಲ್ಲಿ ಒಂದು ಸೊಗಸಾದ ಪದ್ಧತಿ ಇದೆ, ‘ಲ್ಹಾಣಿ’. ಆ ರಾತ್ರಿ ಒಂದೊಂದು ಮನೆಯವರು ಆಡಿದವರಿಗೆಲ್ಲ ಏನಾದರೂ ಹಂಚುತ್ತಾರೆ. ಸ್ಟೀಲ್ ಬಟ್ಟಲು, ಡಬ್ಬಿ, ಮಕ್ಕಳಿಗೆ ಪೆನ್ಸಿಲ್ ಪೆಟ್ಟಿಗೆ. ‘ಅಯ್ಯೋ, ನನಗೆ ಯಾಕೆ’ ಅನ್ನಬೇಡಿ. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಹೋದವರು ಬರಿಗೈಯಲ್ಲಿ ಬರುತ್ತಾರೆಯೇ? ಇದೂ ಹಾಗೇ. ಎರಡೂ ಕೈ ಚಾಚಿ ತೆಗೆದುಕೊಳ್ಳಿ. ನನ್ನ ಅಡುಗೆಮನೆಯಲ್ಲಿ ಮೊದಲ ವರ್ಷದ ಬಟ್ಟಲು ಈಗಲೂ ಇದೆ, ಒಗ್ಗರಣೆಯ ಸಾಸಿವೆ ಅದರಲ್ಲೇ.

ಆರೋಗ್ಯದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ನವರಾತ್ರಿಯಲ್ಲಿ ಗುಜರಾತಿನಲ್ಲಿ ಗರ್ಬಾ ಆಡುವಾಗ ಹೃದಯಾಘಾತವಾಗಿ ಜನ ಸತ್ತ ಸುದ್ದಿಗಳು ಬಂದವು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ವರ್ಷವೆಲ್ಲ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಎರಡು ವಾರ ಮೊದಲಿನಿಂದ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಹೃದಯ, ಬಿಪಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು ನೀರು ಕುಡಿಯಿರಿ. ಎದೆ ಬಿಗಿತ, ತಣ್ಣನೆ ಬೆವರು, ಎಡತೋಳಿನ ನೋವು ಕಂಡರೆ ಹಾಡು ಮುಗಿಯಲಿ ಅಂತ ಕಾಯಬೇಡಿ. ಆಂಬುಲೆನ್ಸಿಗೆ ಇಲ್ಲಿಯೂ 108 ನಂಬರೇ. ಹೆಂಗಸರ ಸಹಾಯವಾಣಿ 181.

ಗುಂಪಿನಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ. ಜೊತೆಗೆ ಬಂದವರೆಲ್ಲ ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಗೇಟು ದಾಟುವ ಮೊದಲೇ ಒಂದು ಕಂಬವನ್ನೋ ಅಂಗಡಿಯನ್ನೋ ಗುರುತು ಮಾಡಿಕೊಳ್ಳಿ. ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ.

ಆಟ ಮುಗಿದ ಮೇಲೆ

ಹನ್ನೆರಡು ಗಂಟೆಗೆ ಹಾಡು ನಿಂತರೂ ಊರು ಮಲಗುವುದಿಲ್ಲ. ಎಲ್ಲರೂ ತಿನ್ನಲು ಹೊರಡುತ್ತಾರೆ. ವಡೋದರಾದಲ್ಲಾದರೆ ಸೇವ್ ಉಸಳ್, ಖಾರದ ಬಟಾಣಿ ರಸದ ಮೇಲೆ ಸೇವು ಸುರಿದು ಪಾವಿನ ಜೊತೆ ಕೊಡುತ್ತಾರೆ. ದಾಬೇಲಿ, ಖಮಣ್ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಜೊತೆಯವರಲ್ಲಿ ಒಂಬತ್ತು ದಿನ ಉಪವಾಸ ಮಾಡುವವರು ಇರಬಹುದು. ಅವರು ಸಾಬೂದಾಣೆ ಖಿಚಡಿ, ಸಿರಿಧಾನ್ಯದ ‘ಮೊರೈಯೊ’ ಇಂಥವನ್ನು ಮಾತ್ರ ತಿನ್ನುತ್ತಾರೆ. ಮೊದಲು ಅವರಿಗೆ ಏನು ಸಿಗುತ್ತದೆ ನೋಡಿ, ಆಮೇಲೆ ಅಂಗಡಿ ಆರಿಸಿ. ವಿಜಯದಶಮಿಯ ಬೆಳಿಗ್ಗೆ ಫಾಫಡಾ ಜಿಲೇಬಿ ತಿನ್ನುವುದು ಇಲ್ಲಿನ ರೂಢಿ, ಸಾಲು ನಸುಕಿನಲ್ಲೇ ಶುರು.

ಮನೆಗೆ ಬಂದು ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಕಲ್ಲುಪ್ಪು ಹಾಕಿ ಹದಿನೈದು ನಿಮಿಷ ಕಾಲಿಟ್ಟು ಕೂರಿ. ಬೊಬ್ಬೆ ಒಡೆಯಬೇಡಿ.

ಗುಜರಾತಿಗೆ ಬರಲು ಆಗದವರು ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ಗುಜರಾತಿ ಪರಿಚಯದವರನ್ನು ಕೇಳಿ. ಟಿಕೆಟ್ ಹಾಕಿ ಡಿಜೆ ಹಚ್ಚುವ ಕಾರ್ಯಕ್ರಮಗಳಿಗಿಂತ ಸಮಾಜದವರು ತಾವೇ ಸೇರಿ ಆಡುವ ಕಡೆ ಹೋಗಿ. ಅಲ್ಲಿ ನಡುವೆ ದೀಪ ಇರುತ್ತದೆ.

ನವರಾತ್ರಿಯೇ ತಪ್ಪಿಹೋದರೆ ಇನ್ನೊಂದು ರಾತ್ರಿ ಉಳಿದಿದೆ. ದಶಮಿ ಕಳೆದು ಐದನೇ ದಿನ ಶರದ್ ಪೂನಮ್, ನಮ್ಮ ಶೀಗಿ ಹುಣ್ಣಿಮೆ. ಅವತ್ತು ಹಲವು ಸೊಸೈಟಿಗಳಲ್ಲಿ ಬೆಳದಿಂಗಳಲ್ಲಿ ಮತ್ತೆ ಗರ್ಬಾ ಇರುತ್ತದೆ. ಹಾಲಿನಲ್ಲಿ ಅವಲಕ್ಕಿ, ಸಕ್ಕರೆ ನೆನೆಸಿ ಮಾಳಿಗೆಯ ಮೇಲೆ ಚಂದ್ರನ ಬೆಳಕಿಗೆ ಇಟ್ಟಿರುತ್ತಾರೆ, ‘ದೂಧ್ ಪೌಂವಾ’. ಆಡಿ ದಣಿದು ಬಂದವರಿಗೆ ಅದನ್ನು ಬಟ್ಟಲಿಗೆ ಹಾಕಿ ತಣ್ಣಗೆ ಕೊಡುತ್ತಾರೆ.